ಟಿಟಿ, ಟ್ರ್ಯಾಕ್ ಎರಡೂ ಮಾಡಬಹುದಾ? ಬೆರಿಲ್ ಬರ್ಟನ್ ಅವರನ್ನು ನೋಡಿ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಮನೆಯಲ್ಲಿ ಚಿಕ್ಕ ಮಗು, ಜೊತೆಗೆ ಹೊಲದ ಕೆಲಸ. ಟೈಮ್ ಟ್ರಯಲ್ (ಟಿಟಿ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರಸ್ತೆ ರೇಸ್) ಅಂದರೆ ಇಷ್ಟ, ಸೈಕಲ್ ರೇಸ್‌ಗೆಂದೇ ಕಟ್ಟಿದ ಟ್ರ್ಯಾಕ್ ಮೇಲೂ ಆಸೆ. ಕೋಚ್ ಒಬ್ಬರು "ಎರಡರಲ್ಲಿ ಒಂದು ಆರಿಸಿಕೊಳ್ಳಿ, ಮಗು ಆದಮೇಲೆ ಇದೆಲ್ಲ ಕಷ್ಟ" ಅಂದಿದ್ದಾರೆ. ಮೇಲೆ ಉತ್ತರ ಕೊಟ್ಟವರು ಪವರ್ ಮೀಟರ್ (ತುಳಿಯುವ ಬಲ ಅಳೆಯುವ ಸಾಧನ), ಕಾರ್ಬನ್ ವೀಲ್ ಅಂತ ಶುರು ಮಾಡಿದ್ದಾರೆ. ಅದೆಲ್ಲ ಆಮೇಲೆ ನೋಡೋಣ. ಒಂದನ್ನೇ ಆರಿಸಬೇಕು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ಇಂಗ್ಲೆಂಡಿನ ಸೈಕಲ್ ರೇಸ್ ಚಾಂಪಿಯನ್ ಬೆರಿಲ್ ಬರ್ಟನ್ ಅವರಿಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬೆರಿಲ್ ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಲೀಡ್ಸ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದರು. ಸೈಕಲ್ ಹುಚ್ಚು ಹಿಡಿಸಿದ್ದು ಗಂಡ ಚಾರ್ಲಿ. 1955ರಲ್ಲಿ ಮದುವೆ, ಮರುವರ್ಷ ಮಗಳು ಡೆನಿಸ್. ಮೊದಮೊದಲು ಕ್ಲಬ್ ಸವಾರಿಯಲ್ಲಿ ಚಾರ್ಲಿ ಮತ್ತು ಗೆಳೆಯರು ಆಗಾಗ ಬೆನ್ನಿಗೆ ಕೈಯಿಟ್ಟು ತಳ್ಳಬೇಕಿತ್ತಂತೆ. ಎರಡನೇ ವರ್ಷಕ್ಕೆ ಅವರ ಸಮಕ್ಕೆ ಬಂದರು, ಮೂರನೇ ವರ್ಷಕ್ಕೆ ಅವರನ್ನೇ ಹಿಂದೆ ಬಿಟ್ಟು ಹೋಗುತ್ತಿದ್ದರು. ಮೊದಲ ರಾಷ್ಟ್ರೀಯ ಪದಕ 1957ರಲ್ಲಿ, 100 ಮೈಲಿ ಟಿಟಿಯಲ್ಲಿ ಬೆಳ್ಳಿ. ಆಗ ಮಗಳಿಗೆ ಒಂದೂವರೆ ವರ್ಷದ ಆಸುಪಾಸು. ಇದನ್ನು ನಿಮ್ಮ ಕೋಚ್‌ಗೆ ಹೇಳಿ.

ಆಮೇಲಿನದು ಕೇಳಿ. ಟ್ರ್ಯಾಕ್‌ನಲ್ಲಿ 3,000 ಮೀಟರ್ ಪರ್ಸ್ಯೂಟ್‌ನ (ಇಬ್ಬರು ಎದುರುಬದುರು ಬದಿಯಿಂದ ಹೊರಟು ಗಡಿಯಾರದ ವಿರುದ್ಧ ಓಡಿಸುವ ರೇಸ್) ವಿಶ್ವ ಚಾಂಪಿಯನ್ ಐದು ಸಲ: 1959, 1960, 1962, 1963, 1966. ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸ್‌ನಲ್ಲಿ ಎರಡು ಸಲ: 1960 ಮತ್ತು 1967. ಅಂದರೆ 1960ರಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ಒಂದೇ ವಿಶ್ವಕೂಟದಲ್ಲಿ ಎರಡೂ ಚಿನ್ನ, ಪರ್ಸ್ಯೂಟ್ ಲೈಪ್‌ಜಿಗ್‌ನಲ್ಲಿ, ರೋಡ್ ರೇಸ್ ಸಾಕ್ಸೆನ್‌ರಿಂಗ್‌ನಲ್ಲಿ. ತಮ್ಮ ದೇಶದಲ್ಲಿ ಗೆದ್ದ ಟಿಟಿ ಚಾಂಪಿಯನ್‌ಶಿಪ್‌ಗಳೇ 72. ಬೇರೆ ಬೇರೆ ದೂರಗಳ ಸರಾಸರಿ ವೇಗ ನೋಡಿ ಕೊಡುವ ಬ್ರಿಟಿಷ್ ಬೆಸ್ಟ್ ಆಲ್‌ರೌಂಡರ್ ಪಟ್ಟವನ್ನು 1959ರಿಂದ 1983ರ ತನಕ ಸತತ 25 ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಒಲಿಂಪಿಕ್ಸ್ ಪದಕ ಮಾತ್ರ ಇಲ್ಲ. ಹೆಂಗಸರಿಗೆ ಅಲ್ಲಿ ರೋಡ್ ರೇಸ್ ಇಟ್ಟಿದ್ದೇ 1984ರಲ್ಲಿ, ಆಗ ಇವರಿಗೆ 47!

ಈಗ ನಿಮ್ಮ ವಿಷಯಕ್ಕೆ ಬರೋಣ. ಪರ್ಸ್ಯೂಟ್ ಮತ್ತು ಟಿಟಿ ಒಂದೇ ಜಾತಿಯ ರೇಸ್. ಎರಡರಲ್ಲೂ ಗಾಳಿಗೆ ಅಡ್ಡ ಯಾರೂ ಇರುವುದಿಲ್ಲ, ಡ್ರಾಫ್ಟಿಂಗ್ (ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದು) ಇಲ್ಲ, ನೀವು ಮತ್ತು ಗಡಿಯಾರ ಅಷ್ಟೇ. ಪರ್ಸ್ಯೂಟ್‌ನಲ್ಲಿ ಇಬ್ಬರು ಟ್ರ್ಯಾಕ್‌ನ ಎದುರುಬದುರು ಬದಿಯಿಂದ ಒಟ್ಟಿಗೆ ಹೊರಡುತ್ತಾರೆ, ಮೂರರಿಂದ ಐದು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತಿನ ರೇಸ್‌ಗೆ ಬೇಕಾದ ಬಲದಲ್ಲಿ ಹೆಚ್ಚಿನ ಪಾಲು ಬರುವುದು ಉಸಿರಿನಿಂದಲೇ, ಅಂದರೆ ನೀವು ರಸ್ತೆಯಲ್ಲಿ ಗಂಟೆಗಟ್ಟಲೆ ಕಟ್ಟಿಕೊಂಡ ದಮ್ಮಿನಿಂದ. ಸ್ಪ್ರಿಂಟ್, ಕೀರಿನ್ (ಟ್ರ್ಯಾಕ್‌ನಲ್ಲಿ ಕೊನೆಯ ಜಿಗಿತದ ವೇಗದಿಂದ ಗೆಲ್ಲುವ ಚಿಕ್ಕ ರೇಸ್‌ಗಳು) ಬೇರೆ. ಅವುಗಳ ಮೇಲೆ ಆಸೆ ಇದ್ದರೆ ನಿಮ್ಮ ಕೋಚ್ ಹೇಳಿದ್ದು ಸರಿ, ಆ ತಯಾರಿಯೂ ಬೇರೆ, ಮೈಕಟ್ಟೂ ಬೇರೆ. ಬೆರಿಲ್ ರೋಡ್ ರೇಸ್ ಗೆದ್ದಿದ್ದೂ ಕೊನೆಯ ಸ್ಪ್ರಿಂಟ್ ನಂಬಿಕೊಂಡಲ್ಲ. ಗುಂಪು ಬಿಟ್ಟು ಒಬ್ಬರೇ ಮುಂದೆ ಹೋಗಿ, ಅಲ್ಲಿಂದ ರೇಸನ್ನೇ ಟಿಟಿ ಮಾಡಿಬಿಡುತ್ತಿದ್ದರು.

ಇನ್ನೊಂದು ವಿಷಯ. "ಹೊಲದ ಕೆಲಸದಿಂದ ಟ್ರೈನಿಂಗ್ ಹಾಳಾಗುತ್ತಾ?" ಅಂತ ಕೇಳಿದ್ದೀರಿ. ಬೆರಿಲ್ ಕೊನೆ ತನಕ ಅಮೆಚೂರ್, ಅಂದರೆ ರೇಸ್ ಅವರ ಸಂಬಳದ ಕೆಲಸ ಆಗಿರಲಿಲ್ಲ. ಅವರು ಮಾರ್ಲಿ ಊರಿನಲ್ಲಿ ನಿಮ್ ಕಾರ್ಲೈನ್ ಅನ್ನುವವರ ರೂಬಾರ್ಬ್ ತೋಟದಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಕಾರ್ಲೈನ್ ಕೂಡ ಬೆರಿಲ್ ಅವರ ಸೈಕಲ್ ಕ್ಲಬ್ಬಿನವರೇ, 24 ಗಂಟೆ ಟಿಟಿಯ ಚಾಂಪಿಯನ್. ರೂಬಾರ್ಬ್ ಅಂದರೆ ಕೆಂಪು ದಂಟಿನ, ಹುಳಿ ರುಚಿಯ ಗಿಡ, ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರೆ. ಆ ಕಡೆ ಅದರ ಬೆಳೆಯೇ ಒಂದು ವಿಚಿತ್ರ. ಹೊಲದಲ್ಲಿ ಬೆಳೆಸಿ, ಚಳಿ ತಾಗಿದ ಮೇಲೆ ದೊಡ್ಡ ದೊಡ್ಡ ಬೇರುಗಡ್ಡೆ ಕಿತ್ತು ಕತ್ತಲೆ ಶೆಡ್ಡಿಗೆ ಸಾಗಿಸುತ್ತಾರೆ, ಬೆಳಕೇ ಇಲ್ಲದೆ ದಂಟು ಬೆಳೆಯುತ್ತದೆ, ಮೋಂಬತ್ತಿ ಬೆಳಕಿನಲ್ಲಿ ಕೊಯ್ಲು. ಅಗೆಯುವುದು, ಹೊರುವುದು, ಬಗ್ಗಿ ಏಳುವುದು. ಇಷ್ಟೆಲ್ಲ ಮಾಡಿ ಸೈಕಲ್ ಹತ್ತುತ್ತಿದ್ದರು.

ಆದರೆ ಇದನ್ನು ಹಾಗೇ ನಕಲು ಮಾಡಬೇಡಿ. ಕೆಲಸವನ್ನೂ ಟ್ರೈನಿಂಗ್ ಲೆಕ್ಕಕ್ಕೆ ಸೇರಿಸಿ. ನಾಟಿಯೋ ಕೊಯ್ಲೋ ಇದ್ದ ದಿನ ಸಂಜೆ ಜೋರು ಇಂಟರ್ವಲ್ (ಜೋರಾಗಿ ಸ್ವಲ್ಪ, ನಿಧಾನ ಸ್ವಲ್ಪ, ಹೀಗೆ ಸರದಿ ತುಳಿತ) ಬೇಡ, ಅರ್ಧ ಗಂಟೆ ಹಗುರ ಗೇರ್‌ನಲ್ಲಿ ತುಳಿದು ಬಂದರೆ ಸಾಕು. ವಾರಕ್ಕೆ ಮೂರು ಗಟ್ಟಿ ಸೆಷನ್ ಸಿಕ್ಕರೆ ಧಾರಾಳ. ಒಂದು ದಿನ 4 ನಿಮಿಷ ಜೋರು, 4 ನಿಮಿಷ ನಿಧಾನ, ನಾಲ್ಕೈದು ಸಲ. ಇದು ನೇರವಾಗಿ ಪರ್ಸ್ಯೂಟ್‌ಗೆ. ಇನ್ನೊಂದು ದಿನ 15 ನಿಮಿಷದ ಎರಡು ಸುತ್ತು, ಮಾತಾಡಲು ಆಗಬಾರದು ಆದರೆ ಕುಸಿಯಲೂ ಬಾರದು, ಅಷ್ಟು ವೇಗ. ಭಾನುವಾರ ಉದ್ದ ಸವಾರಿ, ಆದಷ್ಟು ನಿಮಗಿಂತ ಸ್ವಲ್ಪ ಜೋರಾಗಿ ಓಡಿಸುವವರ ಜೊತೆ. ಬೆರಿಲ್ ಬಲಿತಿದ್ದು ಗಂಡಸರ ಕ್ಲಬ್ ಸವಾರಿಯಲ್ಲೇ ಅಲ್ವಾ?

ಪೇಸಿಂಗ್, ಅಂದರೆ ಶಕ್ತಿಯನ್ನು ರೇಸ್ ಉದ್ದಕ್ಕೂ ಹಂಚಿಕೊಳ್ಳುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಹೊಸಬರು ಸೋಲುವುದು ಇಲ್ಲೇ. 1967ರ ಸೆಪ್ಟೆಂಬರ್‌ನಲ್ಲಿ ಯಾರ್ಕ್‌ಷೈರ್‌ನಲ್ಲಿ 12 ಗಂಟೆಯ ಟಿಟಿ. 12 ಗಂಟೆಯಲ್ಲಿ ಎಷ್ಟು ದೂರ ಹೋದಿರಿ ಅನ್ನುವುದೇ ಫಲಿತಾಂಶ. ಗಂಡಸರು ಒಂದೊಂದು ನಿಮಿಷದ ಅಂತರದಲ್ಲಿ ಹೊರಟರು, ಕೊನೆಯವರು ಮೈಕ್ ಮ್ಯಾಕ್‌ನಮಾರ. ಎರಡು ನಿಮಿಷ ಬಿಟ್ಟು ಬೆರಿಲ್. ಅವರು ಮ್ಯಾಕ್‌ನಮಾರ ಅವರನ್ನು ಹಿಡಿದಿದ್ದು ಸುಮಾರು 235 ಮೈಲಿ ಆದ ಮೇಲೆ. ಯೋಚಿಸಿ, ಎರಡು ನಿಮಿಷದ ಅಂತರ ಮುಚ್ಚಲು ಹೆಚ್ಚುಕಡಿಮೆ ಇಡೀ ಹಗಲು. ಪಕ್ಕದಲ್ಲಿ ದಾಟುವಾಗ ಜೇಬಿನಿಂದ ಲಿಕೊರಿಸ್ ಮಿಠಾಯಿ ತೆಗೆದು ಅವರಿಗೆ ಕೊಟ್ಟರು, ಅವರು ತೆಗೆದುಕೊಂಡರು. ತಮಾಷೆ ಏನೆಂದರೆ ಮ್ಯಾಕ್‌ನಮಾರ ಆ ದಿನ ಗಂಡಸರ ಹೊಸ ದಾಖಲೆ ಮಾಡುತ್ತಿದ್ದರು! ಅವರದು 276.52 ಮೈಲಿ, ಬೆರಿಲ್ ಅವರದು 277.25, ಅಂದರೆ 446 ಕಿಲೋಮೀಟರ್. ಗಂಟೆಗೆ 37ರ ಸರಾಸರಿ, ಕಾರ್ಬನ್ ಇಲ್ಲದ ಕಾಲದಲ್ಲಿ. ಹೆಂಗಸರ ದಾಖಲೆಯಾಗಿ ಅದು 2017ರ ತನಕ ನಿಂತಿತ್ತು.

ನೀವು ಮಾಡಬೇಕಾದ್ದು ಇಷ್ಟು: ಮೊದಲ ಐದು ನಿಮಿಷ ನಿಮಗೆ "ಇದೇನು ಇಷ್ಟು ಸುಲಭ" ಅನ್ನಿಸಬೇಕು. ಹೊರಟ ಕೂಡಲೇ ಎದೆ ಹೊಡೆದುಕೊಂಡರೆ ಆ ಟಿಟಿ ಅಲ್ಲಿಗೆ ಮುಗಿಯಿತು. ಟ್ರ್ಯಾಕ್‌ನಲ್ಲೂ ಹಾಗೇ, ಮೊದಲ ಸುತ್ತು ಬಿಟ್ಟು ಉಳಿದ ಎಲ್ಲ ಸುತ್ತಿನ ಸಮಯ ಹತ್ತಿರ ಹತ್ತಿರ ಇರಬೇಕು. ಉದ್ದ ರೇಸ್ ಆದರೆ ಅರ್ಧ ಗಂಟೆಗೊಮ್ಮೆ ತಿನ್ನಿ, ಹಸಿವಾಗುವ ತನಕ ಕಾಯಬೇಡಿ. ಬಾಳೆಹಣ್ಣು, ಚಿಕ್ಕಿ ಯಾವ ಎನರ್ಜಿ ಜೆಲ್‌ಗೂ ಕಮ್ಮಿ ಇಲ್ಲ.

ಟ್ರ್ಯಾಕ್ ಸೈಕಲ್ ಈಗಲೇ ಕೊಳ್ಳಬೇಡಿ. ಅದಕ್ಕೆ ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ, ಚಕ್ರ ತಿರುಗುವ ತನಕ ಪೆಡಲ್ ತಿರುಗುತ್ತಲೇ ಇರುತ್ತದೆ. ಅದನ್ನು ರಸ್ತೆಗೆ ಇಳಿಸಬೇಡಿ, ದಯವಿಟ್ಟು. ಸದ್ಯಕ್ಕೆ ರೋಡ್ ಸೈಕಲ್‌ನಲ್ಲೇ ಸಮತಟ್ಟು ರಸ್ತೆಯಲ್ಲಿ ಹಗುರ ಗೇರ್ ಹಾಕಿ ನಿಮಿಷಕ್ಕೆ 100–110 ಸುತ್ತು ತುಳಿಯುವ ಅಭ್ಯಾಸ ಮಾಡಿ. ನಿಂತಲ್ಲಿಂದ ಭಾರದ ಗೇರ್‌ನಲ್ಲಿ 15 ಸೆಕೆಂಡ್ ಹೊರಡುವುದನ್ನೂ ಕಲಿಯಿರಿ. ವೆಲೊಡ್ರೋಮ್ (ಸೈಕಲ್ ಟ್ರ್ಯಾಕ್ ಇರುವ ಕ್ರೀಡಾಂಗಣ) ಸಿಕ್ಕ ದಿನ ಬಾಡಿಗೆಗೋ ಎರವಲಿಗೋ ಸೈಕಲ್ ಪಡೆದರಾಯಿತು. ಹಾಂ, 2025ರಿಂದ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೆಂಗಸರ ಪರ್ಸ್ಯೂಟ್ ಕೂಡ 4,000 ಮೀಟರ್. ನಿಮ್ಮಂತಹ ದಮ್ಮಿನವರಿಗೆ ಇದು ಲಾಭವೇ.

ಬೆರಿಲ್ ಅವರಿಂದ ಕಲಿಯಬಾರದ ಒಂದೆರಡು ವಿಷಯವೂ ಇದೆ. ಬಿಡುವು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. 1976ರ ರಾಷ್ಟ್ರೀಯ ರೋಡ್ ರೇಸ್‌ನಲ್ಲಿ ಮಗಳು ಡೆನಿಸ್ ಮೊದಲು ಬಂದರು, ಅಮ್ಮ ಎರಡನೆಯವರು. ವೇದಿಕೆ ಮೇಲೆ ಮಗಳ ಕೈ ಕುಲುಕಲಿಲ್ಲ. ಸುಮ್ನೆ ಹೇಳುತ್ತಿಲ್ಲ, ರೇಸ್ ತಲೆಗೆ ಏರಿದರೆ ಮನೆಯವರಿಗೆ ಕಷ್ಟ. (ಆಮೇಲೆ ಅಮ್ಮ ಮಗಳು ಒಂದೇ ಟ್ಯಾಂಡೆಮ್‌ನಲ್ಲಿ (ಇಬ್ಬರು ತುಳಿಯುವ ಸೈಕಲ್) 10 ಮೈಲಿ ದಾಖಲೆಯನ್ನೂ ಮಾಡಿದರು, ಸದ್ಯ.) 1996ರ ಮೇ ತಿಂಗಳಲ್ಲಿ ತಮ್ಮ ಹುಟ್ಟುಹಬ್ಬದ ಆಮಂತ್ರಣ ಹಂಚಲು ಸೈಕಲ್‌ನಲ್ಲಿ ಹೊರಟವರು ದಾರಿಯಲ್ಲೇ ಹೃದಯ ನಿಂತು ಹೋದರು. 59 ತುಂಬಲು ಒಂದು ವಾರ ಇತ್ತು. ಹಾಗಾಗಿ ಇಂಟರ್ವಲ್ ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ ಇಸಿಜಿ, ರಕ್ತದಲ್ಲಿ ಹಿಮೋಗ್ಲೋಬಿನ್ ಎರಡೂ ನೋಡಿಸಿ. ಹೆರಿಗೆ ಆದವರಿಗೆ ಹಿಮೋಗ್ಲೋಬಿನ್ ಕಮ್ಮಿ ಇರುವುದು ಮಾಮೂಲಿ, ಎಷ್ಟು ತುಳಿದರೂ ವೇಗ ಬರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ನಿಮ್ಮವರು ಏನು ಹೇಳುತ್ತಾರೆ ಅಂತ ಬರೆದಿಲ್ಲ. ಚಾರ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು, ರೇಸ್‌ಗೆ ಕರೆದುಕೊಂಡು ಹೋಗುತ್ತಿದ್ದರು, ಮಗುವನ್ನೂ ನೋಡಿಕೊಳ್ಳುತ್ತಿದ್ದರು. ಭಾನುವಾರ ಬೆಳಗ್ಗೆ ಮೂರು ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಗೇರ್, ವೀಲ್‌ಗಿಂತ ಮೊದಲು ಮನೆಯಲ್ಲಿ ಕೂತು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಗಾಳಿ ಕಮ್ಮಿ ಇರುವ ಒಂದು ಬೆಳಗ್ಗೆ 20 ಕಿಲೋಮೀಟರ್ ಟಿಟಿ ಮಾಡಿ, ಪ್ರತಿ 5 ಕಿಲೋಮೀಟರಿನ ಸಮಯ ಇಲ್ಲಿ ಹಾಕಿ. ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲಿನ ಚಕ್ರ) ಮತ್ತು ಕ್ಯಾಸೆಟ್‌ನ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗೊಂಚಲು) ಹಲ್ಲಿನ ಲೆಕ್ಕವನ್ನೂ ಬರೆಯಿರಿ, ಗೇರ್ ಬಗ್ಗೆ ಅದನ್ನು ನೋಡಿ ಹೇಳುತ್ತೇನೆ.