ಆಕ್ಚುರಿಯಲ್ ಡಿಗ್ರಿಗೆ ಸಾಲ ಮಾಡಬೇಕಾ?

ಮುಂದೆ ಏನು ಓದಬೇಕು ಅಂತ ಸಲಹೆ ಕೇಳಲು ಅಪ್ಪನ ಜೊತೆ ನನ್ನ ಬಳಿ ಬಂದವಳು ಹಾವೇರಿ ಜಿಲ್ಲೆಯ ಹುಡುಗಿ. ಇಲ್ಲಿ ಸಹನಾ ಅಂತ ಕರೆಯುತ್ತೇನೆ. ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಪಿಸಿಎಂಎಸ್. ಮ್ಯಾಥ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಎರಡರಲ್ಲೂ 95ರ ಮೇಲೆ. ಫಿಸಿಕ್ಸ್ ಮಾತ್ರ ಹೇಗೋ ದಾಟಿದ್ದಳು. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ಮಗಳು ಇಂಜಿನಿಯರ್ ಆಗಲಿ ಅಂತ ಅವರ ಆಸೆ. ಅವಳಿಗೋ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಆಕ್ಚುರಿಯಲ್ ಮತ್ತು ಫೈನಾನ್ಷಿಯಲ್ ಮ್ಯಾಥಮೆಟಿಕ್ಸ್ ಬಿಎಸ್‌ಸಿ ಬೇಕು. ಆಕ್ಚುಯರಿ ಅಂದರೆ ವಿಮೆಯಂಥ ಕಡೆ ಮುಂದೆ ಬರಬಹುದಾದ ನಷ್ಟವನ್ನು ಲೆಕ್ಕ ಹಾಕುವವರು, ಅದಕ್ಕೆ ಸಂಬಂಧಿಸಿದ ಓದು ಇದು. ಮೂರು ವರ್ಷದ ಫೀಸು ಎಂಟು ಲಕ್ಷದ ಹತ್ತಿರ. ಹಾಸ್ಟೆಲ್ ಖರ್ಚು ಬೇರೆ. ಸಾಲ ಮಾಡದೆ ಆಗುವ ಮಾತಲ್ಲ.

ಕೂತ ತಕ್ಷಣ ಅವಳು ಕೇಳಿದ್ದು, "ಈ ಡಿಗ್ರಿ ಮುಗಿಸಿದ್ರೆ ಆಕ್ಚುಯರಿ ಆಗ್ತೀನಿ ಅಲ್ವಾ ಮೇಡಂ?"

ಇಲ್ಲ. ಇದನ್ನು ಮೊದಲು ಬಿಡಿಸಿ ಹೇಳಲೇಬೇಕಿತ್ತು. ನಮ್ಮ ದೇಶದಲ್ಲಿ ಆಕ್ಚುಯರಿ ಆಗುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಪಾಸು ಮಾಡಿ. 2006ರ ಆಕ್ಚುಯರೀಸ್ ಕಾಯ್ದೆಯ ಪ್ರಕಾರ ನಡೆಯುವ ಸಂಸ್ಥೆ ಅದು. ಒಳಗೆ ಕಾಲಿಡಲು ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ, ಪಿಯುಸಿ ಮುಗಿಸಿದವರು ಬರೆಯಬಹುದು. ಆಮೇಲೆ ಫೆಲೋ, ಅಂದರೆ ಪೂರ್ಣ ಅರ್ಹತೆಯ ಆಕ್ಚುಯರಿ, ಆಗುವ ತನಕ 2019ರ ಪಠ್ಯಕ್ರಮದಲ್ಲಿ 13 ಪತ್ರಿಕೆಗಳಿದ್ದವು. ಎಷ್ಟೋ ಪತ್ರಿಕೆಗಳಲ್ಲಿ ಪಾಸಾದವರಿಗಿಂತ ಫೇಲಾದವರೇ ಜಾಸ್ತಿ. ಹೆಚ್ಚಿನವರು ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಬರೆಯುತ್ತಾರೆ. ಡಿಗ್ರಿ ಈ ದಾರಿಗೆ ಬುನಾದಿ ಹಾಕುತ್ತದೆ, ಅಷ್ಟೇ.

ಸಹನಾಳ ಮುಖ ಇಳಿಯಿತು. ಅಪ್ಪ, "ನಾ ಹೇಳ್ಲಿಲ್ವಾ" ಅನ್ನುವ ಹಾಗೆ ನನ್ನ ಕಡೆ ನೋಡಿದರು. ಆದರೆ ಅವಳಿಗೆ ಈ ವಿಷಯ ನಿಜಕ್ಕೂ ಇಷ್ಟವೋ, ಇಲ್ಲ ಯಾರೋ ಹೇಳಿದ ಸಂಬಳ ಇಷ್ಟವೋ ಅಂತ ಗೊತ್ತಾಗದೆ ನಾನು ಮುಂದೆ ಹೋಗುವಂತಿರಲಿಲ್ಲ. ಅದಕ್ಕೆ ಒಂದು ಹಾಳೆ ಕೊಟ್ಟು ಒಂದು ಲೆಕ್ಕ ಹೇಳಿದೆ. 40 ವರ್ಷದ 1,000 ಜನ. ಒಂದು ವರ್ಷದ ವಿಮೆ, ತಲಾ 1 ಲಕ್ಷ. ವರ್ಷದಲ್ಲಿ ಇಬ್ಬರು ತೀರಿಕೊಳ್ಳಬಹುದು ಅಂದುಕೊಳ್ಳೋಣ. ಒಬ್ಬೊಬ್ಬರಿಂದ ಎಷ್ಟು ತಗೋಬೇಕು?

"200 ರೂಪಾಯಿ" ಅಂದಳು. ಮರುಕ್ಷಣವೇ ತಾನೇ ತಿದ್ದಿಕೊಂಡಳು. "ದುಡ್ಡು ನಮ್ಮ ಕೈಗೆ ಮೊದಲೇ ಬರುತ್ತೆ, ಕೊಡೋದು ವರ್ಷದ ಕೊನೆಗೆ. ನಡುವೆ ಬಡ್ಡಿ ಬರುತ್ತಲ್ಲ?" ಶೇ. 7 ಬಡ್ಡಿ ಹಿಡಿ ಅಂದೆ. 200ನ್ನು 1.07ರಿಂದ ಭಾಗಿಸಿದಳು. ಸುಮಾರು 187. ಪೆನ್ನು ಕೆಳಗಿಡಲಿಲ್ಲ. "ಇಬ್ಬರ ಬದಲು ಐದು ಜನ ಹೋದ್ರೆ?" ಅಂತ ತಾನೇ ಕೇಳಿ, ಅಪರೂಪದ ಘಟನೆ ಎಷ್ಟು ಸಲ ಆಗಬಹುದು ಅಂತ ಹೇಳುವ, ಪಿಯುಸಿಯಲ್ಲಿ ಕಲಿತ ಪಾಯ್ಸಾನ್ ಸೂತ್ರ ಬರೆದು ಲೆಕ್ಕ ಹಾಕಿದಳು. ಐದು ಅಥವಾ ಅದಕ್ಕಿಂತ ಹೆಚ್ಚು ಸಾವಿನ ಸಾಧ್ಯತೆ ನೂರಕ್ಕೆ ಐದರಷ್ಟು ಬಂತು. "ಹಂಗಾದ್ರೆ 187 ಸಾಲಲ್ಲ. ಕಂಪನಿ ಮುಳುಗುತ್ತೆ."

ಆಕ್ಚುಯರಿಯ ಕೆಲಸದ ತಿರುಳು ಇದೇ. ಸರಾಸರಿ ಎಷ್ಟು ಅನ್ನುವುದರ ಜೊತೆಗೆ ಸರಾಸರಿ ತಪ್ಪಿದರೆ ಏನು ಗತಿ ಅಂತ ಕೇಳುವುದು. ಆ ಪ್ರಶ್ನೆ ಅವಳಿಗೆ ಯಾರೂ ಹೇಳಿಕೊಡದೆ ಬಂತು. ನನಗೆ ತುಂಬಾ ಖುಷಿಯಾಯಿತು, ಅದನ್ನು ಅವರಿಬ್ಬರಿಗೂ ಹೇಳಿದೆ.

ಅಪ್ಪನ ಕಡೆ ತಿರುಗಿ, ನಿಮ್ಮ ಸಂಬಳದಲ್ಲಿ ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಅಂತ ಪ್ರತಿ ತಿಂಗಳು ಹಿಡಿಯುತ್ತಾರಲ್ಲ, ಅದರ ಹಿಂದೆಯೂ ಇಂಥದೇ ಲೆಕ್ಕ ಇದೆ ಅಂದೆ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಶುರುವಾದ ನೌಕರರ ವಿಮೆ ಅದರ ಮೂಲ. "ಇಷ್ಟು ವರ್ಷ ಕಟ್ಟಿದೀನಿ, ಹೆಂಗೆ ಲೆಕ್ಕ ಹಾಕ್ತಾರೆ ಅಂತ ಯೋಚ್ನೆನೇ ಮಾಡಿಲ್ಲ" ಅಂದರು. ಮಗಳು ಹಾಳೆಯನ್ನು ಅವರ ಕಡೆ ತಿರುಗಿಸಿ ಕನ್ನಡದಲ್ಲೇ ವಿವರಿಸಿದಳು. ಅವಳಿಗೆ ತನ್ನ ಇಂಗ್ಲಿಷ್ ಬಗ್ಗೆ ದೊಡ್ಡ ಅಳುಕಿತ್ತು. ಭಾಷೆಯನ್ನು ಮೂರು ವರ್ಷದಲ್ಲಿ ಪಳಗಿಸಬಹುದು. ಕಷ್ಟದ ಲೆಕ್ಕವನ್ನು ಬೇರೆಯವರ ತಲೆಗೆ ಹೋಗುವ ಹಾಗೆ ಹೇಳುವ ಗುಣ ಆಗಲೇ ಇದೆ. ಆಕ್ಚುಯರಿ ಪರೀಕ್ಷೆಗಳಲ್ಲಿ ಇದಕ್ಕೆ ಅಂತಲೇ ಒಂದು ಪತ್ರಿಕೆ ಇದೆ ಎಂದಾಗ ಅವಳು ನಂಬಲಿಲ್ಲ.

ನನ್ನ ಸಲಹೆ ಸಾಲದ ಬಗ್ಗೆ ಖಡಾಖಂಡಿತ: ಈಗ ಬೇಡ. ಜಿಲ್ಲೆಯಲ್ಲೋ ಧಾರವಾಡದಲ್ಲೋ ಮ್ಯಾಥ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಇರುವ ಬಿಎಸ್‌ಸಿ ಸೇರಲಿ. ಮೊದಲ ವರ್ಷವೇ ಎಸಿಇಟಿ ಬರೆಯಲಿ. ಅದು ಪಾಸಾದರೆ ಸಿಎಸ್1, ಸಿಎಂ1 ಎಂಬ ಎರಡು ಪತ್ರಿಕೆ. ಒಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಜೊತೆ ಆರ್ ಸಾಫ್ಟ್‌ವೇರ್, ಇನ್ನೊಂದರಲ್ಲಿ ಬಡ್ಡಿ, ಆನ್ಯುಯಿಟಿ (ಕಂತುಕಂತಾಗಿ ಸಿಗುವ ಹಣ), ವಿಮೆಯ ಲೆಕ್ಕ, ಎಕ್ಸೆಲ್. ಸಿಲಬಸ್ ಸಂಸ್ಥೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪ್ರತಿ ಪತ್ರಿಕೆಗೂ ಫೀಸು ಕಟ್ಟಬೇಕು, ಓದುವ ಸಾಮಗ್ರಿಗೂ ದುಡ್ಡು ಬೇಕು. ಉಳಿಸಿದ ಹಣ ಅಲ್ಲಿ ಹೋಗಲಿ. ಈ ದಾರಿ ಹಿಡಿಸದೇ ಹೋದರೂ ಎಂಎಸ್‌ಸಿ, ಡೇಟಾ ಕೆಲಸ, ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ, ಎಲ್ಲ ತೆರೆದೇ ಇರುತ್ತವೆ.

ಆ ಕೋರ್ಸೇ ಕೆಟ್ಟದ್ದು ಅಂತ ನಾನು ಹೇಳಲಿಲ್ಲ. ಒಳ್ಳೆಯ ಮೇಷ್ಟ್ರುಗಳು, ಜೊತೆಗೆ ಓದುವವರು ಸಿಕ್ಕರೆ ಅದು ದೊಡ್ಡ ಬಲ. ಅದಕ್ಕೇ ಕಾಲೇಜಿಗೆ ಕೇಳಲು ಕೆಲವು ಪ್ರಶ್ನೆ ಬರೆದುಕೊಟ್ಟೆ. ನಿಮ್ಮ ಪಾಠ ಸಿಎಸ್1, ಸಿಎಂ1 ಸಿಲಬಸ್ಸನ್ನು ಎಷ್ಟು ಮುಟ್ಟುತ್ತದೆ? ಕಲಿಸುವವರು ಯಾವ ಪತ್ರಿಕೆ ಪಾಸು ಮಾಡಿದ್ದಾರೆ? ಹಿಂದಿನ ಬ್ಯಾಚಿನವರು ಎಷ್ಟು ಪತ್ರಿಕೆ ಮುಗಿಸಿದರು, ಯಾವ ಕೆಲಸಕ್ಕೆ ಹೋದರು? ಬ್ರೋಷರ್ ಬೇಡ, ಬರಹದಲ್ಲಿ ಉತ್ತರ ಕೇಳಿ ಅಂದೆ.

ಕೊನೆಯ ಪ್ರಶ್ನೆಗೆ ಕಾಲೇಜಿನಿಂದ ಉತ್ತರವೇ ಬರಲಿಲ್ಲವಂತೆ. ಸಹನಾ ಧಾರವಾಡದಲ್ಲಿ ಬಿಎಸ್‌ಸಿ ಸೇರಿದ್ದಾಳೆ. ಅಪ್ಪನಿಗೆ ಇಂಜಿನಿಯರಿಂಗ್ ಆಸೆ ಇನ್ನೂ ಪೂರ್ತಿ ಹೋಗಿಲ್ಲ. ಎಸಿಇಟಿ ಫಲಿತಾಂಶ ಬಂದ ಮೇಲೆ ಇಬ್ಬರೂ ಮತ್ತೆ ಬರುತ್ತಾರೆ.