ಕೃಷಿ ಡ್ರೋನ್ ಕಂಪನಿ ಸೇನೆಯತ್ತ ಹೊರಳಿದರೆ ಎಂಜಿನಿಯರಿಗೆ ಏನು ಬದಲಾಗುತ್ತದೆ?

ನೀವು ಕೆಲಸ ಮಾಡುವ ಕೃಷಿ ಡ್ರೋನ್ ಸ್ಟಾರ್ಟಪ್ ಇನ್ನು ಮುಂದೆ ಸೇನೆಗಾಗಿಯೇ ಡ್ರೋನ್ ತಯಾರಿಸಲಿದೆ ಎಂದೂ, ಯಂತ್ರ ಅದೇ ಇರುವಾಗ ಗಿರಾಕಿ ಬದಲಾದರೆ ಎಂಜಿನಿಯರಿಗೇನು ವ್ಯತ್ಯಾಸ ಎಂದೂ ಕೇಳಿದ್ದೀರಿ. ಬೆಂಗಳೂರಿನ ಅಂಥದೇ ಒಂದು ಸಣ್ಣ ಕಂಪನಿಯಲ್ಲಿದ್ದು ಈ ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ಕಂಡವನಾಗಿ ಹೇಳುತ್ತೇನೆ: ಯಂತ್ರ ಅದೇ ಆಗಿ ಉಳಿಯುವುದಿಲ್ಲ.

ಕಂಪನಿಗಳು ಏಕೆ ಹೊರಳುತ್ತವೆ ಎಂಬುದು ಹೊಲದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಕಲಬುರಗಿ ಸೀಮೆಯಲ್ಲಿ ತೊಗರಿ ಹೂ ಬಿಡುವ ಹೊತ್ತಿಗೆ ಆಳೆತ್ತರ ಬೆಳೆದು ಸಾಲುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ಹೋದವನ ಮುಖಕ್ಕೇ ಔಷಧಿ ಬಡಿಯುತ್ತದೆ. ಅಂಥ ಹೊಲವನ್ನು 10 ಲೀಟರ್ ಟ್ಯಾಂಕಿನ ಡ್ರೋನ್ ಮೇಲಿನಿಂದ ಎಕರೆಗೆ ಹತ್ತು ನಿಮಿಷದಂತೆ ಮುಗಿಸುವುದನ್ನು ಕಂಡಾಗ ಈ ಕೆಲಸಕ್ಕೆ ಸೇರಿದ್ದು ಸಾರ್ಥಕವೆನಿಸಿತ್ತು. ಆದರೆ ಎಕರೆ ಮುಗಿಯುವಷ್ಟರಲ್ಲಿ ಬ್ಯಾಟರಿಯೂ ಮುಗಿಯುತ್ತದೆ, ಬಿಸಿಯಾದ ಬ್ಯಾಟರಿಯನ್ನು ಆರಲು ಬಿಡದೆ ಚಾರ್ಜಿಗೆ ಹಾಕುವಂತಿಲ್ಲ. ಆದ್ದರಿಂದ ಗೂಡ್ಸ್ ಗಾಡಿಯಲ್ಲಿ ಜನರೇಟರ್, ಹಲವು ಜೊತೆ ಬ್ಯಾಟರಿ, ನೀರಿನ ಡ್ರಮ್ಮು, ಪೈಲಟ್, ಸಹಾಯಕ ಇಷ್ಟನ್ನೂ ಹೇರಿಕೊಂಡು ಊರೂರು ತಿರುಗಬೇಕು. ಗಾಳಿ ಎದ್ದರೆ ಅಂದಿನ ಕೆಲಸ ನಿಂತಿತು. ಹಂಗಾಮು ಮುಗಿದರೆ ಯಂತ್ರಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲಿ. ಎಕರೆಗೆ ಸಿಗುವ ಕೆಲವು ನೂರು ರೂಪಾಯಿಯಲ್ಲಿ ಸಂಬಳ ಕೊಟ್ಟು ಸಂಶೋಧನೆಯನ್ನೂ ನಡೆಸುವುದು ನಮಗೆ ಸಾಧ್ಯವಾಗಲಿಲ್ಲ.

ಇನ್ನೊಂದು ಕಡೆಯ ಲೆಕ್ಕವೇ ಬೇರೆ. ಐಐಟಿ ಬಾಂಬೆಯಲ್ಲಿ ಓದಿದವರು 2007ರಲ್ಲಿ ಕಟ್ಟಿದ ಐಡಿಯಾಫೋರ್ಜ್ ಕಂಪನಿಗೆ 2021ರ ಜನವರಿಯಲ್ಲಿ ಭೂಸೇನೆಯಿಂದ ಸ್ವಿಚ್ ಎಂಬ ಕಾವಲು ಡ್ರೋನ್‌ಗಳಿಗಾಗಿ ಬಂದ ಒಂದೇ ಆರ್ಡರ್ ಸುಮಾರು 2 ಕೋಟಿ ಡಾಲರಿನದು. ಅಮೆರಿಕದ ಸ್ಕೈಡಿಯೋ ಕಂಪನಿ ಜನಸಾಮಾನ್ಯರಿಗೆ ಡ್ರೋನ್ ಮಾರುವುದನ್ನು 2023ರಲ್ಲಿ ನಿಲ್ಲಿಸಿ, ಸೇನೆ, ಸರ್ಕಾರ ಮತ್ತು ಉದ್ಯಮಗಳ ಕೆಲಸಕ್ಕಷ್ಟೇ ಗಮನ ಕೊಟ್ಟಿತು. ನಿಮ್ಮ ಸಂಸ್ಥಾಪಕರು ಹಣದಾಸೆಗೆ ಬಿದ್ದಿದ್ದಾರೆಂದು ತೀರ್ಮಾನಿಸುವ ಮುನ್ನ ಇದನ್ನು ಗಮನದಲ್ಲಿಡಿ.

ಈಗ ಯಂತ್ರದ ವಿಚಾರ. ಸೇನೆಯ ಡ್ರೋನ್ ಹಿಮಾಲಯದ ಎತ್ತರದ ಗಡಿಯಲ್ಲೂ ಹಾರಬೇಕು. ಸಮುದ್ರಮಟ್ಟಕ್ಕಿಂತ 15,000 ಅಡಿ ಮೇಲೆ ಗಾಳಿಯ ಸಾಂದ್ರತೆ ಕೆಳಗಿನದರ ಸುಮಾರು ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಅಷ್ಟೇ ಭಾರ ಎತ್ತಲು ರೆಕ್ಕೆಗಳು ಹೆಚ್ಚು ವೇಗವಾಗಿ ತಿರುಗಬೇಕು, ಅದೇ ಹೊತ್ತಿಗೆ ಚಳಿಯಲ್ಲಿ ಬ್ಯಾಟರಿ ಕೊಡುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಮೋಟರ್, ರೆಕ್ಕೆ, ಬ್ಯಾಟರಿ ಮೂರನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಹೊಲದಲ್ಲಿ ಜಿಪಿಎಸ್ ಕೈಕೊಟ್ಟರೆ ಡ್ರೋನ್ ಇಳಿಸಿ ಕಾಯಬಹುದು. ಗಡಿಯಲ್ಲಿ ಎದುರಾಳಿಯೇ ಜಿಪಿಎಸ್ ಸಂಕೇತವನ್ನು ಕೆಡಿಸುತ್ತಾನೆಂದು ಮೊದಲೇ ಎಣಿಸಿ, ಕ್ಯಾಮೆರಾ ಮತ್ತು ಸೆನ್ಸರ್‌ಗಳನ್ನೇ ನಂಬಿ ದಾರಿ ಹಿಡಿಯುವ ಸಾಫ್ಟ್‌ವೇರ್ ಬರೆಯಬೇಕು. ನನ್ನ ಎರಡು ವರ್ಷಗಳ ಬಹುಪಾಲು ಇದಕ್ಕೇ ಹೋಯಿತು, ಮತ್ತು ನಾನು ಕಲಿತದ್ದರಲ್ಲಿ ಅತ್ಯುತ್ತಮವಾದದ್ದೂ ಇದೇ.

ಬಿಡಿಭಾಗಗಳ ಮೂಲವನ್ನು ಕಡೆಗಣಿಸಬೇಡಿ. ಚೀನಾದ ಭಾಗಗಳಿದ್ದವೆಂಬ ಕಾರಣಕ್ಕೆ ಸೇನೆಯ 400 ಡ್ರೋನ್‌ಗಳ ಖರೀದಿ ಒಪ್ಪಂದಗಳು ರದ್ದಾದ ಸುದ್ದಿ 2025ರ ಆರಂಭದಲ್ಲಿ ಬಂದಿತ್ತು. ಮೋಟರಿನ ಆಯಸ್ಕಾಂತದವರೆಗೂ ಚೀನಾವನ್ನೇ ನೆಚ್ಚಿಕೊಂಡಿರುವ ಈ ಉದ್ಯಮದಲ್ಲಿ ಪ್ರತಿಯೊಂದು ಎಲೆಕ್ಟ್ರಾನಿಕ್ ಚಿಪ್ ಎಲ್ಲಿಂದ ಬಂತೆಂದು ದಾಖಲೆ ಇಡುವುದೂ ಎಂಜಿನಿಯರಿನ ಕೆಲಸವೇ. ಇನ್ನು ಸೇನೆಯ ಪರೀಕ್ಷೆಗಳು ಸಾಮಾನ್ಯವಾಗಿ ಕಂಪನಿಯ ಖರ್ಚಿನಲ್ಲೇ ನಡೆಯುತ್ತವೆ, ಗೆದ್ದರೂ ಖರೀದಿಯ ಭರವಸೆ ಇರುವುದಿಲ್ಲ, ಕೊನೆಗೆ ಅತಿ ಕಡಿಮೆ ಬೆಲೆ ಕೂಗಿದವನಿಗೆ ಆರ್ಡರ್ ಹೋಗಬಹುದು. ಕಂಪನಿಯ ಬಳಿ ಎಷ್ಟು ತಿಂಗಳ ಸಂಬಳಕ್ಕೆ ಹಣವಿದೆಯೆಂದು ಸಂಕೋಚವಿಲ್ಲದೆ ಕೇಳಿ.

ಅದಕ್ಕಿಂತ ಮುಖ್ಯವಾಗಿ ಡ್ರೋನ್ ಏನನ್ನು ಹೊರಲಿದೆ ಎಂದು ಕೇಳಿ. ಕಾವಲು ಕಾಯುವ ಕ್ಯಾಮೆರಾ ಹೊರುವುದಕ್ಕೂ, ಗುರಿ ಹುಡುಕಿ ಅದರ ಮೇಲೆ ಬಿದ್ದು ಸಿಡಿಯುವುದಕ್ಕೂ ಬಹಳ ಅಂತರವಿದೆ. ಒಂದರಿಂದ ಇನ್ನೊಂದಕ್ಕೆ ಕಂಪನಿ ಜಾರುವುದು ಒಂದು ಸಣ್ಣ ಪ್ರಾಜೆಕ್ಟಿನ ಹೆಸರಿನಲ್ಲಿ. ಗಡಿ ಕಾಯುವವರಿಗೆ ಒಳ್ಳೆಯ ಯಂತ್ರ ಬೇಕೇ ಬೇಕು ಎಂದು ನಂಬುವವನು ನಾನು, ಆದರೂ ಮೊದಲನೆಯದಕ್ಕೆ ಒಪ್ಪಿ ಎರಡನೆಯ ತಂಡಕ್ಕೆ ಹೋಗುವುದಿಲ್ಲವೆಂದು ಬರೆದುಕೊಟ್ಟೆ. ನಮ್ಮಲ್ಲಿ ಅದನ್ನು ಗೌರವದಿಂದಲೇ ಸ್ವೀಕರಿಸಿದರು.

ನನಗೆ ಇಂದಿಗೂ ನೋವು ಕೊಡುವುದು ಬಿಟ್ಟುಬಂದ ರೈತರ ವಿಷಯ. ಸಾಲ ಮಾಡಿ ನಮ್ಮ ಡ್ರೋನ್ ಕೊಂಡಿದ್ದ ಒಬ್ಬರು ತೊಗರಿಗೆ ಹುಳ ಬಿದ್ದ ವಾರದಲ್ಲೇ ಒಂದು ಪಂಪಿಗಾಗಿ ಫೋನ್ ಮಾಡಿದರು. ಅಷ್ಟರಲ್ಲಿ ಬಿಡಿಭಾಗಗಳ ವಿಭಾಗವನ್ನೇ ಮುಚ್ಚಿಯಾಗಿತ್ತು. ಪರೀಕ್ಷೆಗಿಟ್ಟಿದ್ದ ಹಳೆಯ ಯಂತ್ರದಿಂದ ಪಂಪು ಬಿಚ್ಚಿ ರಾತ್ರಿ ಬಸ್ಸಿನಲ್ಲಿ ಕಳುಹಿಸಿದೆ, ಅದು ತಲುಪುವಷ್ಟರಲ್ಲಿ ಅವರು ಬಾಡಿಗೆಗೆ ಆಳು ಹಿಡಿದು ಕೈಪಂಪಿನಲ್ಲೇ ಔಷಧಿ ಹೊಡೆಸಿದ್ದರು. ನಿಮ್ಮಲ್ಲಿ ಈ ನಿರ್ಧಾರ ಇನ್ನೂ ಮೀಟಿಂಗಿನ ಹಂತದಲ್ಲಿದ್ದರೆ, ಈಗಾಗಲೇ ಮಾರಿರುವ ಯಂತ್ರಗಳಿಗೆ ಕನಿಷ್ಠ ಮೂರು ವರ್ಷ ಬಿಡಿಭಾಗ ಮತ್ತು ಅದಕ್ಕಾಗಿಯೇ ಇಬ್ಬರು ನೌಕರರು ಇರಬೇಕೆಂದು ಲಿಖಿತವಾಗಿ ಬೇಡಿಕೆ ಇಡಿ.