ಹಿಮ್ಮಡಿ ನೋವು: ಎಕ್ಸ್‌ರೇಯಲ್ಲಿ ಕಂಡ ಬೆಳೆದ ಮೂಳೆಯ ಹಿಂದೆ ಬೀಳಬೇಡಿ

ಅಕ್ಕಾ, ನೀವು ಬರೆದಿದ್ದು ಇಷ್ಟು: ಏಳು ತಿಂಗಳಿಂದ ಎಡ ಹಿಮ್ಮಡಿ ನೋವು, ಬೆಳಿಗ್ಗೆ ಎದ್ದು ಕಾಲೂರುವಾಗ ಜೀವ ಹೋಗುತ್ತೆ, ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು ಏಳುವಾಗಲೂ ಹಾಗೇ. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂದರು, ಶುಗರ್ ಇದೆ, ಇಂಜೆಕ್ಷನ್ ತಗೊಳ್ಳಲಾ ಅಂತ. ಕೆಳಗೆ ಗುಂಪಿನ ಅರ್ಧ ಜನ ಎಕ್ಕದ ಎಲೆ ಇಟ್ಟು ಬಿಸಿ ಇಟ್ಟಿಗೆಯ ಶಾಖ ಕೊಡಿ ಅಂತ ಬರೆದಿದ್ದಾರೆ. ಮೊದಲು ಅದಕ್ಕೇ ಉತ್ತರ: ಶುಗರ್ ಇರುವ ಕಾಲಿಗೆ ಬಿಸಿ ಇಟ್ಟಿಗೆ ಬೇಡವೇ ಬೇಡ. ಚುರುಕು ಕಡಿಮೆಯಾದ ಅಂಗಾಲು ಸುಟ್ಟಿದ್ದು ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆ.

ಆ ಬೆಳೆದ ಮೂಳೆಯನ್ನು ಸದ್ಯ ಮರೆತುಬಿಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಇರುತ್ತದೆ, ನೋವು ಪೂರ್ತಿ ಹೋದವರ ಕಾಲಲ್ಲೂ ಹಾಗೇ ಉಳಿದಿರುತ್ತದೆ. ನೋವಿನ ಮೂಲ ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಹೋಗುವ ಗಟ್ಟಿ ಪಟ್ಟಿ. ಡಾಕ್ಟರ ಚೀಟಿಯಲ್ಲಿ ಪ್ಲಾಂಟರ್ ಫ್ಯಾಸಿಯೈಟಿಸ್ ಅಂತ ಇರುತ್ತದೆ. ತಿಂಗಳುಗಟ್ಟಲೆ ಹಳತಾದ ನೋವಿನಲ್ಲಿ ಉರಿಯೂತಕ್ಕಿಂತ ಆ ಪಟ್ಟಿಯ ಎಳೆಗಳು ಸವೆದು ಕೆಟ್ಟಿರುವುದೇ ಹೆಚ್ಚು. ಅದಕ್ಕೇ ನೋವಿನ ಮಾತ್ರೆ ನುಂಗಿದ ದಿನ ಹಾಯೆನಿಸಿ ಮಾರನೇ ದಿನ ಮತ್ತೆ ಅದೇ ಪಾಡು. ಶುಗರ್ ಇರುವವರು ಆ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ತಿಂದರೆ ಕಿಡ್ನಿಗೆ ಪೆಟ್ಟು.

ಮಲಗಿದಾಗ ಪಾದ ಕೆಳಕ್ಕೆ ಜೋತು ಮೀನಖಂಡವೂ ಈ ಪಟ್ಟಿಯೂ ಕುಗ್ಗಿರುತ್ತವೆ. ಎದ್ದ ಕೂಡಲೇ ಇಡೀ ಮೈಭಾರ ಬಿದ್ದು ಹಠಾತ್ತನೆ ಎಳೆಯುತ್ತದೆ. ಗಂಟೆಗಟ್ಟಲೆ ಕೂತು ಸುಲಿದು ಏಳುವಾಗಲೂ ಇದೇ ಆಗುವುದು. ಖಚಿತ ಮಾಡಿಕೊಳ್ಳಲು, ಹಿಮ್ಮಡಿಯ ಒಳಮಗ್ಗುಲಲ್ಲಿ, ಅಂಗಾಲಿನ ತಗ್ಗು ಶುರುವಾಗುವಲ್ಲಿ ಹೆಬ್ಬೆರಳಿಂದ ಒತ್ತಿ. ಕಾಲಿನ ಬೆರಳುಗಳನ್ನು ಮೇಲಕ್ಕೆ ಎಳೆದು ಹಿಡಿದು ಒತ್ತಿದಾಗ ಇನ್ನೂ ಹೆಚ್ಚು ನೋಯುತ್ತಾ? ಹಾಗಿದ್ದರೆ ಬಹುಮಟ್ಟಿಗೆ ಇದೇ. ಹಿಮ್ಮಡಿಯ ಎರಡೂ ಪಕ್ಕ ಅಂಗೈಯಿಂದ ಹಿಂಡಿದರೆ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಉರಿ, ಜುಮುಜುಮು ಇದ್ದರೆ ನರದ್ದು. ಹಿಂಭಾಗದಲ್ಲಿ, ಮೀನಖಂಡದಿಂದ ಇಳಿಯುವ ಸ್ನಾಯುರಜ್ಜು ಹಿಮ್ಮಡಿಗೆ ಕೂಡುವಲ್ಲಿ ನೋವಾದರೆ ಅದರ ವ್ಯಾಯಾಮವೇ ಬೇರೆ. ಯುವ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಹಿಡಿದುಕೊಳ್ಳುತ್ತಿದ್ದರೆ ಸಂಧಿವಾತದ ಡಾಕ್ಟರನ್ನು ಕಾಣಬೇಕು. ತೋಟದವರು ಇನ್ನೊಂದು ನೋಡಲೇಬೇಕು: ಒಳಗೆ ಮುರಿದು ಉಳಿದ ಮುಳ್ಳು. ಮರದ ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣದು, ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ.

ಈಗ ಮಾಡಬೇಕಾದ್ದು. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿ, ಐದೂ ಬೆರಳುಗಳ ಬುಡ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ನೋಡಿ, ಪಟ್ಟಿ ಹಗ್ಗದಂತೆ ಬಿಗಿದಿರಬೇಕು. ಬಿಗಿಯದಿದ್ದರೆ ನೀವು ಎಳೆಯುತ್ತಿರುವುದು ಬರೀ ಬೆರಳು. 10 ಸೆಕೆಂಡು ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಮೆಟ್ಟುಗತ್ತಿಯಿಂದ ಏಳುವ ಮುಂಚೆಯೂ ಮಾಡಿ, ಕತ್ತಿಯಿಂದ ಸರಿದು ಕೂತು. ಜೊತೆಗೆ ಗೋಡೆಗೆ ಕೈಕೊಟ್ಟು ನೋವಿನ ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ, ಮೀನಖಂಡ ಎಳೆಯಬೇಕು. ಮಂಡಿ ನೇರ ಇಟ್ಟು 30 ಸೆಕೆಂಡು, ಸ್ವಲ್ಪ ಮಡಿಸಿ 30 ಸೆಕೆಂಡು, ಮೂರು ಮೂರು ಸಲ. ಕುಲುಕಬಾರದು.

ನಿಜವಾದ ಔಷಧಿ ಇದರ ಮುಂದಿನದು. ಮೆಟ್ಟಿಲ ಅಂಚಿನಲ್ಲಿ ಟವೆಲ್ ಸುತ್ತಿ ಇಡಿ. ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಬಾಗಿರಲಿ, ಹಿಮ್ಮಡಿ ಅಂಚಿನಾಚೆ ಇರಲಿ, ಕೈ ಗೋಡೆಗೋ ಕಂಬಕ್ಕೋ ಇರಲಿ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಿ. ದಿನ ಬಿಟ್ಟು ದಿನ, 12 ಸಲದಂತೆ 3 ಸುತ್ತು. ಒಂಟಿ ಕಾಲಲ್ಲಿ ಆಗದಿದ್ದರೆ ಎರಡೂ ಕಾಲಿಂದ ಶುರುಮಾಡಿ. ಎರಡು ವಾರದ ನಂತರ ಬೆನ್ನಚೀಲದಲ್ಲಿ ಪುಸ್ತಕವೋ ಅಕ್ಕಿಯೋ ತುಂಬಿ ಭಾರ ಹೆಚ್ಚಿಸಿ, 10 ಸಲದ 4 ಸುತ್ತು. ಇನ್ನೆರಡು ವಾರಕ್ಕೆ ಇನ್ನಷ್ಟು ಭಾರ, 8 ಸಲದ 5 ಸುತ್ತು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ, ಅಳತೆ ಮಾರನೇ ಬೆಳಿಗ್ಗೆಯ ಮೊದಲ ಹೆಜ್ಜೆ. ಅದು ಎಂದಿಗಿಂತ ಜಾಸ್ತಿ ನೋಯಿಸಿದರೆ ಭಾರ ಇಳಿಸಿ. ಹೆಚ್ಚಿನವರು ಸೋಲುವುದು ಇಲ್ಲೇ: ಎರಡು ವಾರ ಮಾಡಿ, ಕಡಿಮೆಯಾಗಲಿಲ್ಲ ಅಂತ ಬಿಡುತ್ತಾರೆ. ಲೆಕ್ಕ ಹಾಕಬೇಕಾದ್ದು ಮೂರು ತಿಂಗಳಿಗೆ.

ಚಪ್ಪಲಿ. ಸವೆದ ಹವಾಯಿ ಮೊದಲು ಬಿಸಾಕಿ. ಹಿಡಿದು ತಿರುಚಿದರೆ ಬಟ್ಟೆಯಂತೆ ಸುತ್ತಿಕೊಳ್ಳುವ ಮೆತ್ತನೆ ಸ್ಪಂಜಿನದೂ ಪ್ರಯೋಜನವಿಲ್ಲ. ಅಡಿ ಗಟ್ಟಿ, ಒಳಹಾಸು ಎಂಸಿಆರ್ ರಬ್ಬರಿನದು (ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರು), ಹಿಮ್ಮಡಿ ಒಂದೆರಡು ಸೆಂಟಿಮೀಟರ್ ಎತ್ತರ, ಹಿಂದೆ ಪಟ್ಟಿ ಇದ್ದರೆ ಒಳ್ಳೆಯದು. ಮನೆಯೊಳಗೆ ಮೆಟ್ಟುವುದನ್ನು ಹಿರಿಯರು ಒಪ್ಪದಿದ್ದರೆ ಹೊಸ ಜೊತೆಯೊಂದನ್ನು ಅಡುಗೆಮನೆಗೇ ಮೀಸಲಿಡಿ, ಟೈಲ್ಸ್ ನೆಲದ ಮೇಲೆ ಬರಿಗಾಲು ಮಾತ್ರ ಬೇಡ. ಗಂಬೂಟಿನ ಒಳಗೆ ಅಂಗಾಲಿಗೆ ಆಸರೆಯೇ ಇರುವುದಿಲ್ಲ, ಔಷಧದಂಗಡಿಯಲ್ಲಿ ಸಿಗುವ ಕಮಾನಿರುವ ಇನ್ಸೋಲ್ ಹಾಕಿ. ಹಿಮ್ಮಡಿಗೆ ಸಿಲಿಕಾನ್ ಕಪ್ ಹಾಕುವುದಾದರೆ ಎರಡೂ ಕಾಲಿಗೆ ಹಾಕಿ, ಒಂದಕ್ಕೇ ಹಾಕಿದರೆ ಸೊಂಟ ವಾಲುತ್ತದೆ. ಏಣಿ ಹತ್ತುವಾಗ ಅಂಗಾಲಿನ ನಡುಭಾಗ ಮೆಟ್ಟಿಲಿಗೆ ಒತ್ತಿ ಇದೇ ಪಟ್ಟಿ ಹಿಗ್ಗುತ್ತದೆ, ಸದ್ಯ ಆ ಕೆಲಸ ಬೇರೆಯವರಿಗೆ ಬಿಡಿ.

ಐಸ್ ಬಾಟಲಿ ಉರುಳಿಸುವುದು 10 ನಿಮಿಷ ಹಿತ ಕೊಡುತ್ತದೆ, ಆದರೆ ನಿಮಗೆ ಸ್ಪರ್ಶ ಸರಿಯಿದ್ದರೆ ಮಾತ್ರ. ಮನೆಯವರು ನಿಮ್ಮ ಕಣ್ಣು ಮುಚ್ಚಿಸಿ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಲಿ. ಆರರಲ್ಲಿ ಎರಡು ಗೊತ್ತಾಗದಿದ್ದರೂ ಐಸೂ ಬೇಡ, ಬಿಸಿಯೂ ಬೇಡ, ಮೊದಲು ಡಾಕ್ಟರಿಗೆ ಪಾದ ತೋರಿಸಿ. ಗಾಯ, ಊತ, ಜ್ವರ, ಮಲಗಿದಾಗಲೂ ಬಿಡದ ನೋವು ಇದ್ದರೆ ಅಂದೇ ಹೋಗಬೇಕು.

ಇಂಜೆಕ್ಷನ್ ವಿಷಯ: ಸ್ಟಿರಾಯ್ಡ್ ಕೊಟ್ಟರೆ ಕೆಲವು ವಾರ ಆರಾಮ ಸಿಗುತ್ತದೆ, ಆಮೇಲೆ ನೋವು ಮರಳುವುದೂ ಉಂಟು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ ಅಪಾಯ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳ್ಳಗಾಗುವ ಅಪಾಯ ಇದೆ. ಮೆತ್ತೆ ಹೋದರೆ ಮರಳಿ ಬರುವುದು ಕಷ್ಟ. ನಿಮಗಂತೂ ಕೆಲವು ದಿನ ಶುಗರ್ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೇಲಿನದ್ದನ್ನು ಮೂರು ತಿಂಗಳು ಮಾಡದೆ ಅದಕ್ಕೆ ಕೈಹಾಕಬೇಡಿ. ಆಮೇಲೂ ಕಡಿಮೆಯಾಗದಿದ್ದರೆ ಶಾಕ್‌ವೇವ್ (ಯಂತ್ರದಿಂದ ಹೊರಗಿನಿಂದಲೇ ಒತ್ತಡದ ಅಲೆ ಹಾಯಿಸುವ ಚಿಕಿತ್ಸೆ) ಇರುವ ಫಿಸಿಯೊಥೆರಪಿ ಕೇಂದ್ರ ಕೇಳಿ, ವಾರಕ್ಕೊಂದರಂತೆ ಸಾಮಾನ್ಯವಾಗಿ 3ರಿಂದ 5 ಸರದಿ. ಆಪರೇಷನ್ ಬೇಕಾಗುವುದು ತೀರಾ ಕೆಲವರಿಗೆ.

ಮೇಲೆ ಒಬ್ಬರು ಕಬಡ್ಡಿ ಆಡುವ 11 ವರ್ಷದ ಮಗನ ಹಿಮ್ಮಡಿ ನೋವಿಗೂ ಇದನ್ನೇ ಮಾಡಿಸಲಾ ಅಂತ ಕೇಳಿದ್ದಾರೆ. ಬೇಡ. ಆ ವಯಸ್ಸಿನಲ್ಲಿ ನೋಯುವುದು ಹೆಚ್ಚಾಗಿ ಹಿಮ್ಮಡಿ ಮೂಳೆಯ ಹಿಂದಿನ ಬೆಳೆಯುವ ಭಾಗ. ಆಟ ಸ್ವಲ್ಪ ಕಡಿಮೆ ಮಾಡಿಸಿ, ಹಿಮ್ಮಡಿಗೆ ಕಪ್ ಹಾಕಿಸಿ, ಮೀನಖಂಡ ಹಗುರವಾಗಿ ಎಳೆಯಲಿ. ಕುಂಟುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.